ಹಳೆಯ ಗೇರ್‌ಬಾಕ್ಸಿಗೆ ಹಣ ಹಾಕುವ ಮುನ್ನ



ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ನಾವು ಬಾಯಿ ಬಿಡಿಸಿ ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ. ಆದರೆ ಗುಜರಿ ಅಂಗಡಿಯಲ್ಲಿ ಹಳೆಯ ಗೇರ್‌ಬಾಕ್ಸ್ ಕೊಳ್ಳುವಾಗ ಮುಚ್ಚಿದ ಪೆಟ್ಟಿಗೆಗೆ ಹಣ ಎಣಿಸಿ ಕೊಟ್ಟು ಬರುತ್ತೇವೆ. ಹೀಗೆ ಮಾಡಿದವರನ್ನು ದೂರುವ ಹಕ್ಕು ನನಗಿಲ್ಲ. ಹಿಂದಿನ ವರ್ಷ ಒಂದು ಹಳ್ಳಿಯವರು ಸೇರಿ ಹಳೆಯ ಲಾರಿಯೊಂದನ್ನು ಸಜ್ಜು ಮಾಡುತ್ತಿದ್ದಾಗ, "ಬಿಚ್ಚುವ ಕೂಲಿ ಏಕೆ ದಂಡ, ಗುಜರಿಯಿಂದ ತಂದದ್ದನ್ನು ಹಾಗೆಯೇ ಏರಿಸಿಬಿಡಿ" ಎಂದು ಹೇಳಿದವನು ನಾನೇ.

ಲಾರಿ ಒಂದು ತಿಂಗಳು ಓಡಿತು. ಈರುಳ್ಳಿ ಹೇರಿಕೊಂಡು ಬೆಂಗಳೂರಿಗೆ ಹೊರಟ ದಿನ, ಏರು ಹತ್ತುವಾಗ ಮೂರನೆಯ ಗೇರಿನ ಹಲ್ಲು ಮುರಿಯಿತು. ಮುರಿದ ಚೂರು ಒಳಗೇ ಸುತ್ತಿ ಉಳಿದ ಗೇರುಗಳನ್ನೂ ಕೆಡಿಸಿತು. ಎರಡು ದಿನ ಲಾರಿ ರಸ್ತೆಯ ಬದಿಯಲ್ಲಿ ನಿಂತಿತು. ಆ ಎರಡು ದಿನವೂ ಮಳೆ. ಈರುಳ್ಳಿಗೆ ನೀರು ತಾಗಿದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆ ರೈತರು ನನ್ನನ್ನು ಬೈಯಲಿಲ್ಲ. ಅವರಲ್ಲಿ ಹಿರಿಯರೊಬ್ಬರು, "ಹೋಗಲಿ ಬಿಡಪ್ಪ, ನೀನೇನು ಅದರೊಳಗೆ ಹೊಕ್ಕು ನೋಡಿದ್ದೆಯಾ?" ಎಂದರು. ಬೈದಿದ್ದರೂ ಅಷ್ಟು ತಾಗುತ್ತಿರಲಿಲ್ಲ.

ಈ ವರ್ಷ ಇನ್ನೊಂದು ಹಳ್ಳಿಯ ಐವರು ರೈತರು ಹಳೆಯ ಟಾಟಾ 407 ಒಂದನ್ನು ಕೊಂಡರು. ಅದರ ಗೇರ್‌ಬಾಕ್ಸಿನ ಕವಚ ಕಲ್ಲಿಗೆ ತಾಗಿ ಬಿರಿದಿತ್ತು. ಗುಜರಿಯಲ್ಲಿ ಇನ್ನೊಂದು ಸಿಕ್ಕಿತು. ಅದನ್ನು ರಿಪೇರಿ ಮಾಡಿಸಬೇಕೋ, ಬಿಟ್ಟು ಬೇರೆಯದನ್ನು ನೋಡಬೇಕೋ ಎಂದು ನನ್ನನ್ನು ಕೇಳಿದರು. ನಾನು ಓದಿದ್ದು ಬೇಸಾಯ, ಯಂತ್ರದ ಕೆಲಸವಲ್ಲ. ಆದುದರಿಂದ ಈ ಬಾರಿ ಅಂದಾಜಿನ ಮಾತು ಆಡದೆ, ಅನುಭವಸ್ಥ ಮೇಸ್ತ್ರಿಯೊಬ್ಬರ ಪಕ್ಕದಲ್ಲಿ ಎರಡು ದಿನ ಕುಳಿತು, ಪೆಟ್ಟಿಗೆಯನ್ನು ಬಿಚ್ಚಿಸಿ ನೋಡಿದೆ. ಅಲ್ಲಿ ತಿಳಿದುದನ್ನು ಇಲ್ಲಿ ಬರೆದಿದ್ದೇನೆ.

ಒಂದೇ ಮಾತಿನಲ್ಲಿ ಹೇಳುವುದಾದರೆ: ಬಿಚ್ಚದೆ ತೀರ್ಮಾನ ಮಾಡಕೂಡದು, ಲೆಕ್ಕ ಹಾಕದೆ ಬಿಚ್ಚಿದ್ದನ್ನು ಕಟ್ಟಿಸಕೂಡದು.

ದೋಷ ಗೇರ್‌ಬಾಕ್ಸಿನದೇ ಹೌದೇ?

ನಿಮ್ಮ ಲಾರಿಯಲ್ಲಿ ಈಗ ಇರುವ ಗೇರ್‌ಬಾಕ್ಸ್ ತೊಂದರೆ ಕೊಡುತ್ತಿದ್ದರೆ, ಅದನ್ನು ಇಳಿಸುವ ಮುನ್ನ ಕ್ಲಚ್ಚನ್ನು ಪರೀಕ್ಷಿಸಿರಿ. ಕ್ಲಚ್ಚಿನ ತಪ್ಪಿಗೆ ಗೇರ್‌ಬಾಕ್ಸ್ ದಂಡ ಕಟ್ಟುವುದು ಎಷ್ಟೋ ಕಡೆ ನಡೆಯುತ್ತದೆ. ಪರೀಕ್ಷೆ ಸುಲಭ. ಲಾರಿ ನಿಂತಿರಲಿ, ಎಂಜಿನ್ ನಿಧಾನವಾಗಿ ಓಡುತ್ತಿರಲಿ.

1. ಕ್ಲಚ್ಚನ್ನು ಪೂರ್ತಿ ಒತ್ತಿ, ಕೆಲವು ಸೆಕೆಂಡು ತಾಳಿ, ರಿವರ್ಸ್ ಗೇರಿಗೆ ಹಾಕಿರಿ. ಆಗಲೂ ಕರಕರ ಸದ್ದು ಬಂದರೆ ಕ್ಲಚ್ಚು ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಮೊದಲು ಅದನ್ನು ಸರಿಪಡಿಸಬೇಕು.

2. ಕ್ಲಚ್ಚು ಒತ್ತಿದಾಗ ಮಾತ್ರ ಸದ್ದು ಬಂದರೆ, ಸಾಮಾನ್ಯವಾಗಿ ಅದು ಕ್ಲಚ್ಚಿನ ರಿಲೀಸ್ ಬೇರಿಂಗಿನದು.

3. ನ್ಯೂಟ್ರಲ್‌ನಲ್ಲಿ ಕ್ಲಚ್ಚು ಬಿಟ್ಟಾಗ ಸದ್ದಿದ್ದು, ಒತ್ತಿದೊಡನೆ ನಿಂತರೆ, ಗೇರ್‌ಬಾಕ್ಸಿನ ಮುಂದಿನ ಶಾಫ್ಟಿನ ಅಥವಾ ಲೇ ಶಾಫ್ಟಿನ ಬೇರಿಂಗು ಸವೆದಿರಬಹುದು.

4. ಓಡುವಾಗ ಒಂದೇ ಗೇರಿನಲ್ಲಿ ಸದ್ದು ಬಂದರೆ ಆ ಗೇರಿನ ಜೋಡಿಯ ಮೇಲೆ ಅನುಮಾನ. ಒಂದೇ ಗೇರಿಗೆ ಹಾಕುವಾಗ ಮಾತ್ರ ಕರಕರ ಎಂದರೆ ಆ ಗೇರಿನ ಸಿಂಕ್ರೋ ರಿಂಗು ಸವೆದಿದೆ. ಹಾಕಿದ ಗೇರು ತಾನೇ ಜಿಗಿದು ನ್ಯೂಟ್ರಲ್‌ಗೆ ಬಂದರೆ, ಗೇರನ್ನು ಹಿಡಿದಿಡುವ ಸಣ್ಣ ಹಲ್ಲು, ಫೋರ್ಕು ಅಥವಾ ಸ್ಪ್ರಿಂಗು ಸೋತಿದೆ.

ಪೆಟ್ಟಿಗೆಯೊಳಗೆ ಏನಿದೆ?

ಒಳಗೆ ಏನಿದೆಯೆಂದು ತಿಳಿದರೆ ಮೇಸ್ತ್ರಿ ಹೇಳುವುದು ಅರ್ಥವಾಗುತ್ತದೆ. ಎಂಜಿನ್ನಿನ ಶಕ್ತಿ ಕ್ಲಚ್ಚಿನ ಮೂಲಕ ಮುಂದಿನ ಶಾಫ್ಟಿಗೆ ಬರುತ್ತದೆ. ಅದರ ಗೇರು ಕೆಳಗಿರುವ ಲೇ ಶಾಫ್ಟನ್ನು ತಿರುಗಿಸುತ್ತದೆ. ಲೇ ಶಾಫ್ಟಿನ ಮೇಲಿನ ಗೇರುಗಳು ಮೇನ್ ಶಾಫ್ಟಿನ ಗೇರುಗಳೊಡನೆ ಜೋಡಿ ಜೋಡಿಯಾಗಿ ಸದಾ ಕಚ್ಚಿಕೊಂಡಿರುತ್ತವೆ. 20 ಹಲ್ಲಿನ ಗೇರು 40 ಹಲ್ಲಿನ ಗೇರನ್ನು ತಿರುಗಿಸಿದರೆ ವೇಗ ಅರ್ಧವಾಗುತ್ತದೆ, ತಿರುಗಿಸುವ ಬಲ ಸುಮಾರು ಎರಡರಷ್ಟಾಗುತ್ತದೆ. ಹೇರಿದ ಲಾರಿ ಏರು ಹತ್ತುವುದು ಈ ಲೆಕ್ಕದಿಂದಲೇ.

ನೀವು ಗೇರು ಬದಲಿಸಿದಾಗ ಫೋರ್ಕು ಒಂದು ಬಳೆಯನ್ನು ಸರಿಸುತ್ತದೆ. ಆ ಬಳೆ ಬೇಕಾದ ಗೇರಿನ ಪಕ್ಕದ ಸಣ್ಣ ಹಲ್ಲುಗಳಿಗೆ ಸಿಕ್ಕಿಕೊಂಡು, ಗೇರನ್ನು ಶಾಫ್ಟಿಗೆ ಬಂಧಿಸುತ್ತದೆ. ಸಿಕ್ಕಿಕೊಳ್ಳುವ ಮುನ್ನ ಎರಡರ ವೇಗವನ್ನೂ ಸಮ ಮಾಡುವುದು ಸಿಂಕ್ರೋ ರಿಂಗಿನ ಕೆಲಸ. ಇದು ಹೆಚ್ಚಾಗಿ ಹಿತ್ತಾಳೆ ಜಾತಿಯ ಲೋಹದ್ದು. ಸವೆಯಲೆಂದೇ ಇರುವ ಭಾಗ. ಹಿಂದಿನ ಕಾಲದ ಲಾರಿಗಳಲ್ಲಿ ಇದಿರಲಿಲ್ಲ. ಅದಕ್ಕಾಗಿಯೇ ಹಳೆಯ ಡ್ರೈವರುಗಳು ಎರಡೆರಡು ಸಲ ಕ್ಲಚ್ಚು ಒತ್ತುತ್ತಿದ್ದರು.

ಕೊಳ್ಳುವ ಮುನ್ನ ಗುಜರಿಯಲ್ಲಿಯೇ ಮಾಡುವ ಪರೀಕ್ಷೆ

ಮೊದಲನೆಯದಾಗಿ, ಪೆಟ್ಟಿಗೆ ನಿಮ್ಮ ಲಾರಿಗೆ ಹೊಂದುತ್ತದೆಯೇ? ಟಾಟಾ 407 ಮೊದಲು ಹೊರಬಂದದ್ದು 1986ರಲ್ಲಿ. ಇಷ್ಟು ವರ್ಷ ನಡೆದ ಗಾಡಿಯಲ್ಲಿ ಹೆಸರು ಒಂದೇ ಎಂದ ಮಾತ್ರಕ್ಕೆ ಭಾಗವೂ ಒಂದೇ ಎಂದು ನಂಬಕೂಡದು. ಹಳೆಯ ಪೆಟ್ಟಿಗೆಯನ್ನೇ ಜೊತೆಗೆ ಒಯ್ದು ಪಕ್ಕದಲ್ಲಿಟ್ಟು ನೋಡಿರಿ. ಎಂಜಿನ್ನಿಗೆ ಕೂಡುವ ಬೋಲ್ಟಿನ ತೂತುಗಳು, ಮುಂದಿನ ಶಾಫ್ಟಿನ ಉದ್ದ, ಅದರ ಮೇಲಿನ ಗಾಡಿಗಳ ಸಂಖ್ಯೆ, ಒಟ್ಟು ಉದ್ದ, ಹಿಂದಿನ ಫ್ಲಾಂಜು, ಸ್ಪೀಡೋಮೀಟರಿನ ಕೇಬಲ್ಲು ಕೂಡುವ ಜಾಗ, ಇವೆಲ್ಲವೂ ಸರಿಹೊಂದಬೇಕು. ಉದ್ದ ಬೇರೆಯಾದರೆ ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನೂ ಕತ್ತರಿಸಬೇಕಾದೀತು. ಅದು ಇನ್ನೊಂದು ಖರ್ಚು.

ಎರಡನೆಯದಾಗಿ, ಸೀಮೆಸುಣ್ಣದಿಂದ ಮುಂದಿನ ಶಾಫ್ಟಿಗೂ ಹಿಂದಿನ ಫ್ಲಾಂಜಿಗೂ ಗುರುತು ಹಾಕಿರಿ. ಒಂದೊಂದಾಗಿ ಗೇರು ಹಾಕಿ, ಹಿಂದಿನದು ಒಂದು ಸುತ್ತು ಬರಲು ಮುಂದಿನದನ್ನು ಎಷ್ಟು ಸುತ್ತು ತಿರುಗಿಸಬೇಕೆಂದು ಎಣಿಸಿರಿ. ನಿಮ್ಮ ಹಳೆಯ ಪೆಟ್ಟಿಗೆಯಲ್ಲಿಯೂ ಹೀಗೆಯೇ ಎಣಿಸಿರಿ. ಲೆಕ್ಕ ಬೇರೆ ಬಂದರೆ ಒಳಗಿನ ಗೇರುಗಳೇ ಬೇರೆ. ತಿರುಗಿಸುವಾಗ ಒಂದೇ ಜಾಗದಲ್ಲಿ ಕೈಗೆ ತಡೆ ಸಿಕ್ಕಿದರೆ, ಕಟಕ್ಕೆಂದರೆ, ಆ ಜಾಗದಲ್ಲಿ ಹಲ್ಲು ಏಟು ತಿಂದಿದೆ.

ಮುಂದಿನ ಶಾಫ್ಟನ್ನು ಹಿಡಿದು ಅಲುಗಿಸಿರಿ. ಮೇಲಕ್ಕೂ ಕೆಳಕ್ಕೂ ಸ್ವಲ್ಪ ಆಡಿದರೆ ಹೆದರಬೇಡಿ. ಲಾರಿಗೆ ಕೂಡಿಸಿದಾಗ ಅದರ ತುದಿ ಫ್ಲೈವೀಲಿನಲ್ಲಿರುವ ಬೇರಿಂಗಿನ ಆಸರೆಯಲ್ಲಿ ನಿಲ್ಲುತ್ತದೆ. ಆದರೆ ಒಳಕ್ಕೂ ಹೊರಕ್ಕೂ ಚೆನ್ನಾಗಿ ಜಗ್ಗಾಡಿದರೆ ಬೇರಿಂಗು ಸೋತಿದೆ.

ಮೂರನೆಯದಾಗಿ, ಕೆಳಗಿನ ಪ್ಲಗ್ಗನ್ನು ಬಿಚ್ಚಿಸಿ ಒಳಗಿನ ಎಣ್ಣೆಯನ್ನು ಬಿಳಿಯ ತಟ್ಟೆಗೆ ಹಿಡಿಯಿರಿ. ಎಷ್ಟೋ ಪ್ಲಗ್ಗುಗಳ ತುದಿಯಲ್ಲಿ ಆಯಸ್ಕಾಂತ ಇರುತ್ತದೆ. ಅದಕ್ಕೆ ಬೂದು ಬಣ್ಣದ ನುಣ್ಣನೆಯ ಕೆಸರು ಹತ್ತಿದ್ದರೆ ಅದು ಸಹಜ ಸವೆತ. ಉಗುರಿಗೆ ಸಿಗುವಂಥ ಉಕ್ಕಿನ ಚೂರು ಇದ್ದರೆ ಹಲ್ಲೋ ಬೇರಿಂಗೋ ಮುರಿದಿದೆ. ಎಣ್ಣೆಯಲ್ಲಿ ಹಳದಿ ಮಿಂಚು ಕಂಡರೆ ಅದು ಸಿಂಕ್ರೋ ರಿಂಗಿನ ಪುಡಿ. ಎಣ್ಣೆ ಹಾಲಿನಂತಾಗಿದ್ದರೆ ನೀರು ಸೇರಿದೆ, ಒಳಗೆ ತುಕ್ಕು ಇದೆ. ಎಣ್ಣೆಯೇ ಇಲ್ಲದಿದ್ದರೆ ಮಾರುವವನು ಬಸಿದಿದ್ದಾನೆ. ಏಕೆ ಬಸಿದನೆಂದು ಕೇಳಿರಿ.

ಇಷ್ಟರಲ್ಲಿ ಪೆಟ್ಟಿಗೆ ತೇರ್ಗಡೆಯಾದರೆ ಪೂರ್ತಿ ಹಣ ಕೊಡಬೇಡಿ. ಸ್ವಲ್ಪ ಮುಂಗಡ ಕೊಟ್ಟು, "ನಮ್ಮ ಮೇಸ್ತ್ರಿಯಲ್ಲಿ ಬಿಚ್ಚಿ ನೋಡುತ್ತೇವೆ, ಕೆಟ್ಟಿದ್ದರೆ ಹಿಂದಕ್ಕೆ ಕೊಡುತ್ತೇವೆ, ಬಿಚ್ಚುವ ಕೂಲಿ ನಮ್ಮದು" ಎಂದು ಚೀಟಿ ಬರೆಸಿಕೊಳ್ಳಿರಿ. ಐವರು ರೈತರು ಈ ಮಾತನ್ನು ಎತ್ತಿದಾಗ ಮೊದಲನೆಯ ಅಂಗಡಿಯವನು ಒಪ್ಪಲಿಲ್ಲ. ಎರಡನೆಯವನು ಒಪ್ಪಿದನು.

ಬಿಚ್ಚಿದ ಮೇಲೆ ನೋಡಬೇಕಾದದ್ದು

ಪೆಟ್ಟಿಗೆ ಬಿಚ್ಚುವ ದಿನ ನೀವೇ ಎದುರಿಗೆ ಇರಬೇಕು. ಎಲ್ಲವನ್ನೂ ಡೀಸೆಲ್ಲಿನಲ್ಲಿ ತೊಳೆದು, ಬಿಚ್ಚಿದ ಕ್ರಮದಲ್ಲಿಯೇ ಗೋಣಿಯ ಮೇಲೆ ಸಾಲಾಗಿ ಇಡಿಸಿರಿ. ಮೇಸ್ತ್ರಿ ನನಗೆ ಮೊದಲು ಹೇಳಿದ ಮಾತು ಇದು: "ಸ್ವಾಮಿ, ಬೇರಿಂಗು ಹೋಗಿದ್ದರೆ ಅಂಗಡಿಯಲ್ಲಿ ಸಿಗುತ್ತದೆ. ಮನೆಯೇ ಬಿರಿದಿದ್ದರೆ ಏನು ಮಾಡುತ್ತೀರಿ?"

ಕವಚ: ಇದೇ ಮನೆ. ಬಿರುಕಿದೆಯೇ ನೋಡಿರಿ. ಬೇರಿಂಗು ಕೂರುವ ಗುಂಡಿಗಳನ್ನು ಬೆರಳಿನಿಂದ ಸವರಿ ನೋಡಿರಿ. ಬೇರಿಂಗಿನ ಹೊರ ಬಳೆ ಗುಂಡಿಯಲ್ಲಿ ಬಿಗಿಯಾಗಿ ಕೂರಬೇಕು. ಅದು ಗುಂಡಿಯೊಳಗೆ ತಿರುಗಿದ್ದರೆ ಆ ಜಾಗ ಉಜ್ಜಿ ಹೊಳೆಯುತ್ತದೆ, ಹೊಸ ಬೇರಿಂಗು ಸಡಿಲವಾಗಿ ಬೀಳುತ್ತದೆ. ಗುಂಡಿ ಸಡಿಲವಾದರೆ ಶಾಫ್ಟು ಓರೆಯಾಗಿ, ಎಷ್ಟು ಹೊಸ ಗೇರು ಹಾಕಿದರೂ ಸವೆಯುತ್ತದೆ. ಲೇತಿನಲ್ಲಿ ಬುಷ್ ಹಾಕಿ ಸರಿ ಮಾಡುವವರಿದ್ದಾರೆ. ಆದರೆ ಅದು ಬಹಳ ನಯವಾದ ಕೆಲಸ. ಬಿರುಕಿಗೆ ವೆಲ್ಡಿಂಗ್ ಮಾಡಿದರೆ ಶಾಖಕ್ಕೆ ಗುಂಡಿಗಳ ಆಕಾರ ಕೆಡುವ ಭಯವಿದೆ. ಕವಚ ಕೆಟ್ಟಿದ್ದರೆ ಅಲ್ಲಿಗೇ ನಿಲ್ಲಿಸಿ, ಹಿಂದಕ್ಕೆ ಕೊಡಿರಿ.

ದೊಡ್ಡ ಹಲ್ಲುಗಳು: ಕುಲುಮೆಯಲ್ಲಿ ಕಮ್ಮಾರನು ಗುಳಕ್ಕೆ ಹದ ಹಾಕುವುದು ನಿಮಗೆ ಗೊತ್ತು. ಗೇರಿನ ಹಲ್ಲಿಗೂ ಹೊರಮೈಗೆ ಮಾತ್ರ ಗಟ್ಟಿ ಹದವಿದೆ. ಆ ಪದರ ಸುಮಾರು 1 ಮಿಲಿಮೀಟರು. ಒಳಗಿನ ಉಕ್ಕು ಮೆದು. ಹಲ್ಲಿನ ಮೈ ನುಣ್ಣಗೆ ಹೊಳೆಯುತ್ತಿದ್ದರೆ ಒಳ್ಳೆಯದು. ಸಿಡುಬಿನ ಕಲೆಯಂತೆ ಗುಳಿ ಬಿದ್ದಿದ್ದರೆ ಗಟ್ಟಿ ಪದರ ಏಳತೊಡಗಿದೆ. ಅದು ಮುಂದೆ ಬೇಗ ಬೇಗ ಹರಡುತ್ತದೆ. ಮೂಲೆ ಸಿಡಿದ ಹಲ್ಲನ್ನು ಉಜ್ಜಿ ನುಣುಪು ಮಾಡಿ ಒಪ್ಪಿಸಲು ಬಂದರೆ ಒಪ್ಪಬೇಡಿ. ನಮ್ಮ ಹಿಂದಿನ ವರ್ಷದ ಲಾರಿಯಲ್ಲಿ ಮುರಿದದ್ದು ಇಂಥದೇ ಹಲ್ಲಾಗಿರಬೇಕು. ಗೇರು ಬದಲಿಸುವುದಾದರೆ ಜೋಡಿಯಾಗಿಯೇ ಬದಲಿಸಬೇಕು. ಹಳೆಯ ಹಲ್ಲಿಗೆ ಹೊಸ ಹಲ್ಲು ಕೂಡಿಸಿದರೆ ಎರಡೂ ಕೆಡುತ್ತವೆ.

ಸಣ್ಣ ಹಲ್ಲುಗಳು: ಬಳೆಗೆ ಸಿಕ್ಕಿಕೊಳ್ಳುವ ಈ ಹಲ್ಲುಗಳ ತುದಿ ಚೂಪಾಗಿರಬೇಕು. ಮೊಂಡಾಗಿದ್ದರೆ ಗೇರು ಕಷ್ಟದಿಂದ ಬೀಳುತ್ತದೆ. ಪಕ್ಕ ಸವೆದಿದ್ದರೆ ಗೇರು ಜಿಗಿಯುತ್ತದೆ.

ಸಿಂಕ್ರೋ ರಿಂಗು: ರಿಂಗನ್ನು ಅದರ ಗೇರಿನ ಶಂಕುವಿನ ಮೇಲಿಟ್ಟು ಒತ್ತಿ ತಿರುಗಿಸಿರಿ. ಹಿಡಿದುಕೊಂಡರೆ ಒಳ್ಳೆಯದು, ಜಾರಿದರೆ ಸವೆದಿದೆ. ಒತ್ತಿ ಹಿಡಿದಾಗ ರಿಂಗಿಗೂ ಸಣ್ಣ ಹಲ್ಲುಗಳಿಗೂ ನಡುವೆ ಸಂದು ಉಳಿಯಬೇಕು. ಅದನ್ನು ಫೀಲರ್ ಗೇಜಿನಿಂದ ಅಳೆದು, ಕಂಪನಿಯ ಪುಸ್ತಕದಲ್ಲಿ ಕೊಟ್ಟ ಅಳತೆಗೆ ಹೋಲಿಸಬೇಕು.

ಫೋರ್ಕು, ಶಾಫ್ಟು: ಫೋರ್ಕಿನ ತುದಿ ಒಂದೇ ಕಡೆ ಸವೆದಿದೆಯೇ, ಬಾಗಿದೆಯೇ ನೋಡಿರಿ. ಶಾಫ್ಟಿನಲ್ಲಿ ಆಯಿಲ್ ಸೀಲು ಕೂರುವ ಜಾಗದಲ್ಲಿ ಉಗುರಿಗೆ ಸಿಗುವ ಗೆರೆ ಬಿದ್ದಿದ್ದರೆ ಹೊಸ ಸೀಲೂ ಸೋರುತ್ತದೆ.

ಬೇರಿಂಗು, ಸೀಲು, ಗ್ಯಾಸ್ಕೆಟ್ಟು: ಇವನ್ನು ಪರೀಕ್ಷಿಸುವ ಗೊಡವೆಯೇ ಬೇಡ. ಒಮ್ಮೆ ಬಿಚ್ಚಿದ ಮೇಲೆ ಎಲ್ಲವನ್ನೂ ಹೊಸದು ಹಾಕಿಸಿರಿ. ಒಂದು ಹಳೆಯ ಬೇರಿಂಗನ್ನು ಉಳಿಸಿ, ಅದಕ್ಕಾಗಿ ಇಡೀ ಪೆಟ್ಟಿಗೆಯನ್ನು ಮತ್ತೆ ಇಳಿಸುವುದು ಉಳಿತಾಯವಲ್ಲ.

ಐವರು ರೈತರ ಪೆಟ್ಟಿಗೆಯಲ್ಲಿ ಕವಚ ಗಟ್ಟಿಯಾಗಿತ್ತು. ಶಾಫ್ಟುಗಳು ಸರಿಯಾಗಿದ್ದವು. ಬೇರಿಂಗುಗಳು ಒರಟಾಗಿದ್ದವು, ಎರಡು ಸಿಂಕ್ರೋ ರಿಂಗು ಜಾರುತ್ತಿದ್ದವು. ಮೂರನೆಯ ಗೇರಿನ ಜೋಡಿಯಲ್ಲಿ ಗುಳಿ ಬಿದ್ದಿತ್ತು. ಹೊರಗಿನಿಂದ ನೋಡಿದಾಗ ಈ ಗುಳಿಯ ಸುಳಿವು ನಮಗೆ ಸಿಕ್ಕಿರಲಿಲ್ಲ.

ಲೆಕ್ಕ ಹಾಕುವ ಬಗೆ

ಬೆಲೆ ಊರಿಗೊಂದು, ದಿನಕ್ಕೊಂದು. ಆದುದರಿಂದ ರೂಪಾಯಿ ಬಿಟ್ಟು ಪಾಲಿನಲ್ಲಿ ಹೇಳುತ್ತೇನೆ. ಬಲ್ಲ ಕಾರ್ಖಾನೆಯಲ್ಲಿ ರಿಪೇರಿಯಾಗಿ ಖಾತರಿ ಚೀಟಿಯೊಡನೆ ಸಿಗುವ ಗೇರ್‌ಬಾಕ್ಸಿನ ಬೆಲೆ 100 ಎಂದು ಇಟ್ಟುಕೊಳ್ಳೋಣ. ಉಳಿದ ಅಂಕಿಗಳೂ ಲೆಕ್ಕದ ದಾರಿ ತಿಳಿಯಲೆಂದು ಕೊಟ್ಟ ಉದಾಹರಣೆಗಳೇ. ನಿಮ್ಮ ಪೇಟೆಯಲ್ಲಿ ಕೇಳಿ ನಿಮ್ಮ ಅಂಕಿ ಹಾಕಿಕೊಳ್ಳಿರಿ.

ಗುಜರಿ ಪೆಟ್ಟಿಗೆಯ ಬೆಲೆ — 30
ಬಿಚ್ಚಿ ಕಟ್ಟುವ ಕೂಲಿ — 15
ಬೇರಿಂಗು, ಸೀಲು, ಗ್ಯಾಸ್ಕೆಟ್ಟು, ಸಿಂಕ್ರೋ ರಿಂಗು — 25
ಒಟ್ಟು — 70

ಇಲ್ಲಿ ರಿಪೇರಿ ಮಾಡಿಸುವುದು ಲಾಭ. ಆದರೆ ಒಂದು ಜೋಡಿ ಗೇರು ಕೆಟ್ಟು, ಅದಕ್ಕೆ 20 ಬೇಕಾದರೆ ಒಟ್ಟು 90 ಆಯಿತು. ಉಳಿಯುವುದು 10. ಆ 10ಕ್ಕಾಗಿ ಖಾತರಿಯನ್ನೂ ಬಿಟ್ಟು, ದಿನಗಳನ್ನೂ ಕಳೆದುಕೊಳ್ಳುತ್ತೀರಿ. ಎರಡು ಜೋಡಿ ಕೆಟ್ಟಿದ್ದರೆ 110. ಮೂಗಿಗಿಂತ ಮೂಗುತಿ ಭಾರ.

ನಾನು ಹಾಕಿಕೊಂಡ ಅಳತೆ ಇದು: ಕೊಂಡ ಬೆಲೆಯೂ ರಿಪೇರಿಯೂ ಸೇರಿ, ಖಾತರಿಯ ಪೆಟ್ಟಿಗೆಯ ಬೆಲೆಯ ಮುಕ್ಕಾಲು ಪಾಲನ್ನು ಮೀರಕೂಡದು. ಉಳಿಯುವ ಕಾಲು ಪಾಲು ನೀವು ಹೊರುವ ಅಪಾಯದ ಬೆಲೆ. ಈ ಗೆರೆಯನ್ನು ಪೆಟ್ಟಿಗೆ ಬಿಚ್ಚುವ ಮುನ್ನವೇ ಕಾಗದದ ಮೇಲೆ ಬರೆದು ಎಲ್ಲರೂ ರುಜು ಹಾಕಿರಿ. ಬಿಚ್ಚಿದ ಮೇಲೆ ಗೆರೆ ಹಾಕಲು ಹೋದರೆ, ಇಷ್ಟಾಯಿತು ಇನ್ನಷ್ಟು ಹಾಕೋಣ ಎಂದು ಕೈ ಜಾರುತ್ತದೆ.

ಐವರು ರೈತರು ಗುಳಿ ಬಿದ್ದ ಜೋಡಿಯನ್ನು ಚೀಲದಲ್ಲಿ ಹಾಕಿಕೊಂಡು ಗುಜರಿಯವನ ಮುಂದೆ ಇಟ್ಟರು. ಹಿಂದಕ್ಕೆ ಒಯ್ಯುವುದಕ್ಕಿಂತ ಬೆಲೆ ಇಳಿಸುವುದೇ ಮೇಲೆಂದು ಅವನಿಗೂ ತೋರಿತು. 30ರ ಪಾಲು 15ಕ್ಕೆ ಇಳಿಯಿತು. 15, 15, 25, 20 ಸೇರಿ 75. ಗೆರೆಯ ಮೇಲೆಯೇ ನಿಂತಿತು. ರಿಪೇರಿ ಮಾಡಿಸಲು ಒಪ್ಪಿದರು.

ಹಣವನ್ನು ಪೂರ್ತಿ ಕೊಟ್ಟಾಗಿದೆ, ಹಿಂದಕ್ಕೆ ಕೊಡುವಂತಿಲ್ಲ ಎಂದಿದ್ದರೆ ಲೆಕ್ಕ ಬೇರೆ. ಆಗ ಕೊಟ್ಟ 30ನ್ನು ಮರೆತುಬಿಡಿ. ಅದು ಹೋದ ಹಣ. ಇನ್ನು ಮುಂದೆ ಹಾಕಬೇಕಾದ ಹಣವನ್ನು ಮಾತ್ರ, ಇನ್ನೊಂದು ಪೆಟ್ಟಿಗೆಯ ಬೆಲೆಯಿಂದ ಇದನ್ನು ತೂಕಕ್ಕೆ ಮಾರಿದರೆ ಬರುವುದನ್ನು ಕಳೆದು, ಹೋಲಿಸಿ ನೋಡಿರಿ. ಆದರೆ ಕವಚ ಕೆಟ್ಟಿದ್ದರೆ ಯಾವ ಲೆಕ್ಕವೂ ಬೇಡ.

ಲಾರಿಯ ಆಯುಸ್ಸನ್ನೂ ನೋಡಿರಿ

ಗೇರ್‌ಬಾಕ್ಸ್ ಲಾಭವೆಂದು ಕಂಡರೂ ಲಾರಿಯೇ ಲಾಭವಲ್ಲದೆ ಇರಬಹುದು. ಸಾರಿಗೆ ವಾಹನಕ್ಕೆ 8 ವರ್ಷ ದಾಟಿದ ಮೇಲೆ ಪ್ರತಿ ವರ್ಷವೂ ಅರ್ಹತಾ ಪತ್ರ ಮಾಡಿಸಬೇಕು. 15 ವರ್ಷ ದಾಟಿದ ವಾಹನಗಳಿಗೆ ಈ ಶುಲ್ಕವನ್ನು 2022ರ ಏಪ್ರಿಲ್‌ನಿಂದ ಬಹಳ ಏರಿಸಲಾಗಿದೆ. ಲಾರಿಯ ನೋಂದಣಿ ಪುಸ್ತಕದಲ್ಲಿ ವರ್ಷ ನೋಡಿ, ಸಾರಿಗೆ ಕಚೇರಿಯಲ್ಲಿ ಇಂದಿನ ಶುಲ್ಕ ಕೇಳಿ, ಚಾಸಿ, ಬ್ರೇಕು, ಟೈರುಗಳ ಖರ್ಚನ್ನೂ ಬರೆದ ನಂತರವೇ ಗೇರ್‌ಬಾಕ್ಸಿನ ಮಾತಿಗೆ ಬನ್ನಿರಿ.

ದಿನದ ಲೆಕ್ಕವೂ ಬೇಕು. ಚಿತ್ರದುರ್ಗ ಸೀಮೆಯಲ್ಲಿ ಮುಂಗಾರಿನ ಈರುಳ್ಳಿ ಕೀಳುವ ಹೊತ್ತಿಗೆ ಲಾರಿ ಬೇಕೆಂದಾದರೆ, ಭಾಗಗಳಿಗಾಗಿ ಕಾಯುವ ವಾರಗಳನ್ನು ಸೇರಿಸಿ ಮುಂಚೆಯೇ ಕೆಲಸ ಹಿಡಿಯಬೇಕು. ಸುಗ್ಗಿ ತಲೆಯ ಮೇಲೆ ಬಂದಾಗ ಬಿಚ್ಚಿದ ಪೆಟ್ಟಿಗೆಯಲ್ಲಿ ಆತುರದ ಕೆಲಸವೇ ಆಗುವುದು. ಅಷ್ಟು ಸಮಯವಿಲ್ಲದಿದ್ದರೆ ಆ ಸುಗ್ಗಿಗೆ ಬಾಡಿಗೆ ಲಾರಿ ಮಾಡಿಕೊಳ್ಳುವುದೇ ಲೇಸು.

ಕಟ್ಟಿಸಿದ ಮೇಲೆ

1. ಶಾಫ್ಟುಗಳ ಸಡಿಲವನ್ನು ಪುಸ್ತಕದ ಅಳತೆಗೆ ಸರಿಯಾಗಿ ಶಿಮ್ಮು ಹಾಕಿ ಹೊಂದಿಸುವ ಮೇಸ್ತ್ರಿಗೆ ಮಾತ್ರ ಕೆಲಸ ಕೊಡಿರಿ. ಬದಲಿಸಿದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ.

2. ಪೆಟ್ಟಿಗೆ ಇಳಿಸಿರುವಾಗಲೇ ಕ್ಲಚ್ ಪ್ಲೇಟು, ರಿಲೀಸ್ ಬೇರಿಂಗು, ಫ್ಲೈವೀಲಿನ ಬೇರಿಂಗು ನೋಡಿಸಿರಿ. ಸರಿಯಾಗಿ ಬಿಡದ ಕ್ಲಚ್ಚು ಹೊಸ ಸಿಂಕ್ರೋ ರಿಂಗನ್ನು ಬೇಗ ತಿಂದುಹಾಕುತ್ತದೆ.

3. ಕಂಪನಿ ಹೇಳಿದ ದರ್ಜೆಯ ಎಣ್ಣೆಯನ್ನೇ ಹಾಕಿರಿ. ಸಿಂಕ್ರೋ ಇರುವ ಅನೇಕ ಗೇರ್‌ಬಾಕ್ಸುಗಳಿಗೆ ಜಿಎಲ್-4 ದರ್ಜೆ ಹೇಳಿರುತ್ತಾರೆ. ಹಿಂದಿನ ಆಕ್ಸಲ್ಲಿಗೆ ಹಾಕುವ ಜಿಎಲ್-5 ಎಣ್ಣೆಗಳಲ್ಲಿ ಕೆಲವು ಹಿತ್ತಾಳೆಯ ರಿಂಗನ್ನು ಕೆಡಿಸುತ್ತವೆ. ಒಂದೇ ಡಬ್ಬಿಯಿಂದ ಎರಡಕ್ಕೂ ಸುರಿಯಕೂಡದು.

4. ಮೇಲಿರುವ ಸಣ್ಣ ಗಾಳಿತೂತನ್ನು ಶುಚಿ ಮಾಡಿರಿ. ಅದು ಮಣ್ಣಿನಿಂದ ಮುಚ್ಚಿದರೆ ಒಳಗಿನ ಒತ್ತಡಕ್ಕೆ ಸೀಲು ಸೋರುತ್ತದೆ.

5. ಮೊದಲ ಕೆಲವು ನೂರು ಕಿಲೋಮೀಟರು ಅರ್ಧ ಹೇರಿನಲ್ಲಿ ಓಡಿಸಿ, ಎಣ್ಣೆ ಬಸಿದು ಪ್ಲಗ್ಗು ನೋಡಿ, ಹೊಸ ಎಣ್ಣೆ ಹಾಕಿರಿ.

6. ಓಡಿಸುವಾಗ ಗೇರಿನ ಕಡ್ಡಿಯ ಮೇಲೆ ಕೈ ಊರಿಕೊಂಡಿರಬೇಡಿ. ಆ ಭಾರ ಒಳಗಿನ ಫೋರ್ಕಿನ ಮೇಲೆ ಬೀಳುತ್ತದೆ. ಕೆಟ್ಟ ಲಾರಿಯನ್ನು ದೂರಕ್ಕೆ ಎಳೆಸುವುದಾದರೆ ಪ್ರೊಪೆಲ್ಲರ್ ಶಾಫ್ಟು ಬಿಚ್ಚಿಸಿರಿ. ಎಂಜಿನ್ ನಿಂತಾಗ ನ್ಯೂಟ್ರಲ್‌ನಲ್ಲಿ ಲೇ ಶಾಫ್ಟು ತಿರುಗದೆ, ಮೇಲಿನ ಗೇರುಗಳಿಗೆ ಎಣ್ಣೆ ಚಿಮ್ಮುವುದಿಲ್ಲ.

ಐವರು ರೈತರ ಲಾರಿ ಈಗ ಎರಡು ಹೇರು ಬೆಂಗಳೂರಿಗೆ ಹೋಗಿ ಬಂದಿದೆ. ಮೊದಲ ಹೇರಿನ ನಂತರ ಪ್ಲಗ್ಗು ಬಿಚ್ಚಿ ನೋಡಿದಾಗ ನಾನೂ ಅಲ್ಲಿದ್ದೆ. ಬೂದು ಕೆಸರು ಮಾತ್ರ ಇತ್ತು, ಚೂರು ಇರಲಿಲ್ಲ. ಹಿಂದಿನ ವರ್ಷ ನಷ್ಟಪಟ್ಟ ಹಳ್ಳಿಯವರೂ ಈಗ ಬೇರೆ ಪೆಟ್ಟಿಗೆ ಹುಡುಕುತ್ತಿದ್ದಾರೆ. ಈ ಬಾರಿ ಅವರ ಜೊತೆ ಗುಜರಿಗೆ ನಾನೂ ಹೋಗುತ್ತೇನೆ. ಸೀಮೆಸುಣ್ಣ, ಬಿಳಿಯ ತಟ್ಟೆ, ಫೀಲರ್ ಗೇಜು ನನ್ನ ಚೀಲದಲ್ಲಿವೆ. ಬೇಕಾದವರು ಕೇಳಿ ಒಯ್ಯಬಹುದು.